ಅಬರ್ಡೀನಿನ ಪೆಟ್ಟಿಗೆ

ಜೂನ್ ಹದಿನಾರು, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಮಲೇಷ್ಯಾದ ಸುಬಾಂಗ್ ಜಯಾ ಊರಿನ ಪೊಲೀಸ್ ಠಾಣೆಗೆ ಮೂವರು ಬಂದರು. ಮುಂದೆ ಕನ್ನಡ ಕೂಟದ ಕಾರ್ಯದರ್ಶಿ ರತ್ನಮ್ಮ, ಹಿಂದೆ ಸಾಫ್ಟ್‌ವೇರ್ ಎಂಜಿನಿಯರ್ ಕೌಸ್ತುಭ ಮತ್ತು ಅವನ ಹೆಂಡತಿ ವಾರಿಜಾ. ದೂರು ಕೊಡಬೇಕಾದವನು ಕೌಸ್ತುಭ, ಮಾತೆಲ್ಲ ರತ್ನಮ್ಮನವರದು.

“ಸ್ಕಾಟ್‌ಲ್ಯಾಂಡಿಗೆ ಟೂರ್ ಹೋಗಿದ್ರು ಸರ್. ಅಬರ್ಡೀನ್ ಅಂತ, ಸಮುದ್ರದ ಪಕ್ಕ ಹಳೇ ಊರು. ಶನಿವಾರ ವಾಪಸ್ ಬಂದು ರೈಲ್ವೆ ಸ್ಟೇಷನ್ನಿಂದ ಟ್ಯಾಕ್ಸಿ ಹಿಡಿದಿದಾರೆ. ಡ್ರೈವರ್ ಒಂದು ಸೂಟ್‌ಕೇಸ್ ಇಳಿಸ್ದೇ ಹೋಗ್ಬಿಟ್ಟ. ನಮಗೆಲ್ಲ ತಂದಿದ್ದ ಶಾಲು, ಚಾಕೊಲೇಟು, ಇವರ ಪಾಸ್‌ಪೋರ್ಟು, ಎಲ್ಲಾ ಅದರಲ್ಲೇ.”

“ಹೋಗ್ಲಿ ಬಿಡಿ ಅಂದ್ರೆ ಕೇಳಲ್ಲ ಇವರು,” ಎಂದ ಕೌಸ್ತುಭ.

“ಬಿಡೋದು ಹೆಂಗೆ ಲಾ? ಕಂಪ್ಲೇಂಟ್ ಕೊಡಿ,” ಎಂದರು ರತ್ನಮ್ಮ, ಅಲ್ಲಿನವರಂತೆ ಮಾತಿಗೆ ‘ಲಾ’ ಸೇರಿಸಿ.

ಇನ್‌ಸ್ಪೆಕ್ಟರ್ ರಾಮದಾಸನ ಅಜ್ಜಿ ಮೈಸೂರಿನವರು. ಅವನಿಗೆ ತಮಿಳು ಬೆರೆತ ಕನ್ನಡ ಬರುತ್ತಿತ್ತು. ನಮ್ಮ ಎಫ್‌ಐಆರ್‌ಗೆ ಅಲ್ಲಿ ರಿಪೋರ್ಟ್ ಎನ್ನುತ್ತಾರೆ, ಪಂಚನಾಮೆಯ ಗೋಜಿಲ್ಲ. ಕೌಸ್ತುಭ ಸಹಿ ಹಾಕಿದ.

ರೈಲ್ವೆ ಸ್ಟೇಷನ್ನಿನ ಕ್ಯಾಮೆರಾದಲ್ಲಿ ಟ್ಯಾಕ್ಸಿಯ ನಂಬರ್ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಕಾರ್ಪೊರಲ್ ಅಜ್ಲಾನ್ ಡ್ರೈವರ್ ಮುನಿಯಾಂಡಿಯನ್ನು ಕರೆತಂದ. ವಯಸ್ಸಾದ ತಮಿಳಿನವನು.

“ಪೆಟ್ಟಿಗೆ ಎಲ್ಲಿ?” ರಾಮದಾಸ ತಮಿಳಿನಲ್ಲಿ ಕೇಳಿದ.

“ಎರಡೂ ನಾನೇ ಇಳಿಸಿದೆ ಸಾರ್. ಆ ಅಮ್ಮ ಥ್ಯಾಂಕ್ಸ್ ಕೂಡ ಹೇಳಿದರು.”

“ಸುಳ್ಳು.”

ಮುನಿಯಾಂಡಿಯ ಹೊಸ ಅಳಿಯ ಮನೆಯಲ್ಲಿದ್ದಾಗಲೇ ಪೊಲೀಸರು ಅವನ ಬೀರು, ಮಂಚ, ಅಡಿಗೆಮನೆ ಎಲ್ಲವನ್ನೂ ಜಾಲಾಡಿದರು. ಏನೂ ಸಿಗಲಿಲ್ಲ. ಆದರೂ ಅವನನ್ನು ಲಾಕಪ್ಪಿಗೆ ಹಾಕಿದರು. ಸಂಜೆಗೆ ಅವನ ಫೋಟೊ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿತ್ತು: ‘ಈ ಕಳ್ಳನ ಟ್ಯಾಕ್ಸಿ ಹತ್ತಬೇಡಿ.’ ಟ್ಯಾಕ್ಸಿಯ ಮಾಲೀಕ ಗಾಡಿಯನ್ನು ವಾಪಸ್ ತೆಗೆದುಕೊಂಡ.

ಮಂಗಳವಾರ ರತ್ನಮ್ಮನವರ ಹೇಳಿಕೆ ಪಡೆಯಲು ರಾಮದಾಸ ಅವರ ಮನೆಗೆ ಹೋದ. ಅವರು ಕಾಫಿ ಕೊಟ್ಟು, ಕೌಸ್ತುಭ ಗುಂಪಿಗೆ ಕಳಿಸಿದ್ದ ಫೋಟೊಗಳನ್ನು ತೋರಿಸಿದರು. ಬೂದುಗಲ್ಲಿನ ಕಟ್ಟಡಗಳು, ಬಂದರು, ಚರ್ಚು. ನಡುನಡುವೆ ಗಣಪತಿಯ ಚಿತ್ರ, ಕೆಳಗೆ ‘ಶುಭೋದಯ’.

“ಟೂರಲ್ಲೂ ಒಂದಿನ ತಪ್ಪಿಸಿಲ್ಲ ನೋಡಿ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಗಣಪತಿ ಬಂದೇ ಬರ್ತಾನೆ.”

ನಮ್ಮವರ ಈ ಚಾಳಿ ಗೊತ್ತಲ್ಲ, ಜ್ವರ ಬಂದರೂ ಶುಭೋದಯ ನಿಲ್ಲುವುದಿಲ್ಲ. ರಾಮದಾಸ ಮಾತ್ರ ಕಾಫಿ ಕೆಳಗಿಟ್ಟ. ಮಲೇಷ್ಯಾದಲ್ಲಿ ಬೆಳಗಿನ ಆರು ಎಂದರೆ ಅಬರ್ಡೀನಿನಲ್ಲಿ ಹಿಂದಿನ ರಾತ್ರಿ ಹನ್ನೊಂದು. ಮಲಗುವ ಹೊತ್ತಿಗೆ ಯಾರು ಶುಭೋದಯ ಹೇಳುತ್ತಾರೆ?

“ಫೋಟೊದಲ್ಲಿ ಇವರಿಬ್ಬರೂ ಎಲ್ಲಿ?”

ರತ್ನಮ್ಮ ಹುಡುಕಿದರು. ಒಂದರಲ್ಲೂ ಇರಲಿಲ್ಲ.

ರಾಮದಾಸ ವಲಸೆ ಇಲಾಖೆಗೆ ಕೇಳಿದ್ದಕ್ಕೆ ಉತ್ತರ ಮಧ್ಯಾಹ್ನ ಬಂತು. ಕೌಸ್ತುಭ, ವಾರಿಜಾ ಮಲೇಷ್ಯಾ ಬಿಟ್ಟು ಹೋಗಿಯೇ ಇರಲಿಲ್ಲ. ರಾಮದಾಸನಿಗೆ ಮೊದಲು ನೆನಪಾದದ್ದು ಆ ಅಳಿಯನ ಮುಖ. ಅವನಿಗೆ ನಾಚಿಕೆಯಾಯಿತು.

ನಾಲ್ಕು ಗಂಟೆಗೆ ಕೌಸ್ತುಭನ ಫ್ಲ್ಯಾಟಿನ ಬಾಗಿಲು ತೆರೆದವಳು ವಾರಿಜಾ.

“ಎಲ್ಲಿಗೆ ಹೋಗಿದ್ರಿ?”

“ಇಲ್ಲೇ, ಮೆಲಾಕಾಗೆ. ಅದೂ ಸಮುದ್ರದ ಪಕ್ಕದ ಹಳೇ ಊರೇ ಸರ್. ಏನೂ ನೋಡ್ಲಿಲ್ಲ. ಮೆಡಿಕಲ್ ಕಾಲೇಜಲ್ಲಿ ನಮ್ಮವರು ಇದಾರಲ್ಲ, ಯಾರಾದ್ರೂ ಕಂಡ್ರೆ ಅಂತ ಹಗಲೆಲ್ಲ ರೂಮಲ್ಲೇ. ಊಟ ಬರೀ ತಪಾವ್, ಕಟ್ಟಿಸ್ಕೊಂಡು ಬಂದು ತಿಂತಿದ್ವಿ.”

“ಪೆಟ್ಟಿಗೆ?”

ಅವಳು ಮಂಚದ ಕೆಳಗೆ ಬೆರಳು ತೋರಿಸಿದಳು. ಕೌಸ್ತುಭ ಗೋಡೆಗೆ ಮುಖ ಮಾಡಿ ನಿಂತಿದ್ದ. ಸುಳ್ಳು ದೂರು ಕೊಟ್ಟದ್ದಕ್ಕಾಗಿ ಅವನನ್ನು ಬಂಧಿಸಿದರು.

ಕಾರಣ ದೊಡ್ಡದೇನಲ್ಲ. ಕೂಟದವರು ಹೋಳಿಗೆ ಊಟ ಹಾಕಿಸಿ, ಹಾರ ಹಾಕಿ ಬೀಳ್ಕೊಟ್ಟಿದ್ದರು. ಮಾರನೆಯ ದಿನ ವೀಸಾ ಸಿಗಲಿಲ್ಲವೆಂದು ತಿಳಿಯಿತು. ಹೇಳಿದ್ದರೆ ಎರಡು ದಿನ ಅಯ್ಯೋ ಪಾಪ ಎನ್ನುತ್ತಿದ್ದರು, ಅಷ್ಟೇ. ಆ ಅಯ್ಯೋ ಪಾಪವೇ ಅವನಿಗೆ ಬೇಡವಾಗಿತ್ತು. ಬಂದ ಮೇಲೆ ಎಲ್ಲರೂ ಉಡುಗೊರೆ ಎಲ್ಲಿ ಎಂದರು. ಪೆಟ್ಟಿಗೆ ಟ್ಯಾಕ್ಸಿಯಲ್ಲೇ ಹೋಯಿತು ಎಂದುಬಿಟ್ಟ.

ಠಾಣೆಯಲ್ಲಿ ಮುನಿಯಾಂಡಿಯನ್ನು ಬಿಡುಗಡೆ ಮಾಡಿದರು. “ತಪ್ಪಾಯ್ತು ಅಯ್ಯಾ,” ಎಂದ ರಾಮದಾಸ. ಕೌಸ್ತುಭನೂ ಕೈ ಮುಗಿದ.

“ನನಗೆ ಇಲ್ಲಿ ಹೇಳಿ ಏನು ಪ್ರಯೋಜನ? ನನ್ನ ಫೋಟೊ ಹಾಕಿದ ಕಡೆ ಹೇಳಿ,” ಎಂದ ಮುನಿಯಾಂಡಿ.

ಕೌಸ್ತುಭ ಫೋನ್ ತೆಗೆದ. ಎರಡು ಪದ ಬರೆದು ಅಳಿಸಿದ. ಜೊತೆಗೆ ಬಂದಿದ್ದ ವಾರಿಜಾ ಅದನ್ನು ಕಿತ್ತುಕೊಂಡು ಗುಂಪಿನಲ್ಲಿ ಬರೆದಳು: ‘ನಾವು ಅಬರ್ಡೀನಿಗೆ ಹೋಗಲೇ ಇಲ್ಲ. ಡ್ರೈವರ್ ಕಳ್ಳನಲ್ಲ. ಸುಳ್ಳು ಹೇಳಿದವರು ನಾವು.’ ಮುನಿಯಾಂಡಿಗೆ ಕನ್ನಡ ಓದಲು ಬಾರದು. ರಾಮದಾಸ ತಮಿಳಿನಲ್ಲಿ ಹೇಳಿದ.

“ಇದನ್ನು ತಮಿಳಿನಲ್ಲಿ ಬರೆದು ನನ್ನ ಅಳಿಯನಿಗೂ ಕಳಿಸಿ,” ಎಂದು ಅವನು ನಂಬರ್ ಹೇಳತೊಡಗಿದ.