ಚಂದ್ರವಳ್ಳಿಯ ಕೊನೆಯ ಡಬ್ಬಿ

"ಕೈ ತೆಗೀರಿ! ಡಬ್ಬಿ ಮೊದ್ಲು ನೋಡಿದ್ದು ನಾನು!"

ಬಂಡೆಯ ಸಂದಿಯಲ್ಲಿ ಎರಡು ಕೈಗಳು ಒಂದೇ ಡಬ್ಬಿಯನ್ನು ಹಿಡಿದಿದ್ದವು. ಚೌಡೇಶ್ವರಿ ಸಿಟ್ಟಿನಿಂದ ತಲೆಯೆತ್ತಿದಳು. ಎದುರಿಗಿದ್ದವನು ನಗುತ್ತಿದ್ದ.

"ಮೇಡಂ, ನಾನು ಹುಡುಕಾಕೆ ಬಂದೋನಲ್ಲ. ಇಟ್ಟೋನೇ ನಾನು! ಮುಚ್ಚಳ ಸರಿ ಐತಾ ಅಂತ ನೋಡ್ತಿದ್ದೆ."

ಅವಳ ಕೆನ್ನೆ ಕೆಂಪಾಯಿತು. ಆದರೂ ಡಬ್ಬಿ ಬಿಡಲಿಲ್ಲ!

ಅದು 2008ರ ಈಸ್ಟರ್ ಭಾನುವಾರ. ಚಿತ್ರದುರ್ಗದ ಶಾಲೆಯೊಂದರ ಸ್ಟೆಲ್ಲಾ ಟೀಚರ್ ಹಬ್ಬಕ್ಕೆಂದು ಗೆಳೆಯರನ್ನೂ ಮಕ್ಕಳನ್ನೂ ಚಂದ್ರವಳ್ಳಿಗೆ ಕರೆದಿದ್ದರು. ಬಣ್ಣ ಬಳಿದ ಮೊಟ್ಟೆಗಳ ಡಬ್ಬಿಗಳನ್ನು ಬಂಡೆಗಳ ನಡುವೆ ಬಚ್ಚಿಡಿಸಿ, ಜಾಗದ ಅಕ್ಷಾಂಶ ರೇಖಾಂಶವನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ಜಿಪಿಎಸ್ ಹಿಡಿದು ಹುಡುಕಬೇಕು. ಜಿಯೋಕ್ಯಾಚಿಂಗ್ ಅಂತ ಆ ಆಟದ ಹೆಸರು.

ಡಬ್ಬಿ ಇಟ್ಟ ನಿರಂಜನ್ ಅದೇ ಶಾಲೆಯ ಗಣಿತದ ಮೇಷ್ಟ್ರು, ಶ್ರೀರಾಂಪುರದವನು. ತಾಳ್ಯದ ಚೌಡೇಶ್ವರಿ ಸರ್ವೆ ಇಲಾಖೆಯಲ್ಲಿ ಭೂಮಾಪಕಿ.

"ನಿಮ್ಮ ಲೆಕ್ಕ ಎಂಟು ಮೀಟರ್ ತಪ್ಪೈತೆ ಸಾರ್," ಅಂದಳು.

"ತಿದ್ದಿಕೊಡ್ತೀರಾ?"

ತಿದ್ದಿಕೊಟ್ಟಳು. ಮುಂದಿನ ಭಾನುವಾರವೂ... ಅದರ ಮುಂದಿನ ಭಾನುವಾರವೂ!

ವರ್ಷವಿಡೀ ಇಬ್ಬರೂ ಜೋಗಿಮಟ್ಟಿ, ಮಾರಿಕಣಿವೆ ಅಂತ ಡಬ್ಬಿ ಬಚ್ಚಿಡುತ್ತ ಅಲೆದರು. ಮನಸ್ಸಿನ ಮಾತನ್ನು ಮಾತ್ರ ಯಾರೂ ಆಡಲಿಲ್ಲ.

ಮರುವರ್ಷ ಈಸ್ಟರ್ ಹಿಂದಿನ ದಿನ ನಿರಂಜನ್ ಫೋನ್ ಮಾಡಿದ. "ನಾಳೆ ಚಂದ್ರವಳ್ಳಿ ಆಟದಲ್ಲಿ, ನಾವು ಮೊದ್ಲು ಸಿಕ್ಕ ಬಂಡೆ ಸಂದೀಲಿ ಕೊನೇ ಡಬ್ಬಿ ಇಡ್ತೀನಿ. ಅದ್ರಲ್ಲಿ ಒಂದು ಕಾಗದ ಇರ್ತೈತೆ. ನಿಮಗೆ ಮಾತ್ರ. ವರ್ಷದಿಂದ ಹೇಳಾಕಾಗದ ಮಾತು..."

ಮರುದಿನ ಅವಳು ಹಸಿರು ಸೀರೆ ಉಟ್ಟಳು. ಯಾರ ಕಣ್ಣಿಗೂ ಬೀಳಬಾರದೆಂದು ಗುಡ್ಡದ ಹಿಂಬದಿಯಿಂದ ಹತ್ತಿದಳು.

ಡಬ್ಬಿ ಇರಲಿಲ್ಲ!

ಡಬ್ಬಿ ಊರಿದ್ದ ಗುರುತು ಮಣ್ಣಿನಲ್ಲಿ ಹಾಗೇ ಇತ್ತು. ಇಟ್ಟು, ಮತ್ತೆ ತೆಗೆದಿದ್ದಾನೆ! ಫೋನ್ ಮಾಡಿದರೆ ಸ್ವಿಚ್ ಆಫ್.

'ಮನಸ್ಸು ಬದಲಾಯ್ತಾ ನಿರಂಜನ್? ಎದುರಿಗೆ ಹೇಳೋ ಧೈರ್ಯವೂ ಇಲ್ವಾ?'

ಬಂದ ದಾರಿಯಲ್ಲೇ ಇಳಿದು ಹೊಳಲ್ಕೆರೆ ಬಸ್ಸು ಹತ್ತಿದಳು. ಅಳಲಿಲ್ಲ. ಹಲ್ಲು ಕಚ್ಚಿ ಕುಳಿತಳು. ಬಸ್ಸು ಊರು ದಾಟುವ ಹೊತ್ತಿಗೆ ಫೋನ್ ಬಡಿದುಕೊಂಡಿತು.

"ಎಲ್ಲಿದ್ದೀಯಾ ಚೌಡೇಶ್ವರಿ?" ಸ್ಟೆಲ್ಲಾ ಟೀಚರ್ ಒಂದೇ ಉಸಿರಿಗೆ ಹೇಳಿದರು. "ಬೆಳಿಗ್ಗೆ ಆ ಕೊನೇ ಡಬ್ಬಿ ಬಂಡೆ ಹತ್ರ ಹೆಜ್ಜೇನು ಎದ್ದಿತ್ತು. ಮಕ್ಕಳು ಅತ್ಲಾಗೇ ಹೊರಟಿದ್ರು. ಯಾರೂ ಹುಡುಕ್ಕೊಂಡು ಹೋಗಬಾರದು ಅಂತ ನಿರಂಜನ್ ಒಬ್ರೇ ಹೋಗಿ ಡಬ್ಬಿ ತೆಗೆದ್ರು. ಮೈ ತುಂಬ ಕಚ್ಚಿಬಿಟ್ಟಾವೆ. ಆಸ್ಪತ್ರೇಲಿದ್ದಾರೆ..."

"ಕಂಡಕ್ಟ್ರೇ, ಬಸ್ ನಿಲ್ಸ್ರಿ!"

ವಾರ್ಡಿನಲ್ಲಿ ಅವನ ಒಂದು ಕಣ್ಣು ಪೂರಾ ಮುಚ್ಚಿತ್ತು. ಬಲಗೈ ಊದಿತ್ತು.

"ಭಯ ಪಡಬೇಡ್ರಿ. ಸಂಜೆ ಬಿಡ್ತಾರಂತೆ," ಅಂದ ಅವನು.

"ದಾರಿಯುದ್ದಕ್ಕೂ ನಿಮ್ಮನ್ನ ಬೈಕೊಂಡು ಹೋದೆ... ತಪ್ಪಾಯ್ತು."

"ಓಡೋವಾಗ ಫೋನೂ ಕಾಗದಾನೂ ಎಲ್ಲೋ ಬಿದ್ದೋದ್ವು. ಮತ್ತೆ ಬರೀಲಾ?"

"ಈ ಕೈಯಲ್ಲಾ? ಬಾಯಲ್ಲೇ ಹೇಳ್ರಿ."

"ನೀವು... ನನ್ನ..." ಊದಿದ ತುಟಿಯಲ್ಲಿ ಮಾತು ಸಿಕ್ಕಿಕೊಂಡಿತು.

ಚೌಡೇಶ್ವರಿ ಅವನ ಎಡಗೈ ಹಿಡಿದಳು. ಅವಳ ದನಿ ಒಂದಿಷ್ಟೂ ನಡುಗಲಿಲ್ಲ.

"ಸರಿ, ನಾನೇ ಹೇಳ್ತೀನಿ. ನಂಗೆ ನೀವು ಬೇಕು. ನನ್ನ ಮದುವೆ ಆಗ್ತೀರಾ?"

ಅವನ ತೆರೆದಿದ್ದ ಒಂದೇ ಕಣ್ಣು ತುಂಬಿ ಬಂತು.

"ಆಗ್ತೀನಿ! ನಿಮ್ಮನೆಗೆ ಯಾವಾಗ ಬರ್ಲಿ?"

"ಮೊದ್ಲು ಊತ ಇಳೀಲಿ. ಈ ಮುಖ ನೋಡಿದ್ರೆ ನಮ್ಮವ್ವ ಬಾಗಿಲು ಹಾಕ್ಕೋತಾಳೆ!"

ನಗಲು ಹೋಗಿ ನೋವಿಗೆ ಮುಖ ಕಿವುಚಿದ. ಅವಳು ಮೆಲ್ಲಗೆ ಅವನ ಹಣೆ ಸವರಿದಳು.

"ಇಲ್ಲೇ ಇರ್ತೀರಾ?" ಅಂದ.

"'ನೀವು', 'ರೀ' ಅನ್ನೋದು ಬಿಟ್ರೆ ಇರ್ತೀನಿ."

ಅವನು ಹಾಸಿಗೆಯ ಅಂಚಿಗೆ ಸರಿದು ಜಾಗ ಮಾಡಿದ.

"ಚೌಡಿ..."

"ಹ್ಞೂಂ?"

"ಕುಂತ್ಕ."