ಸ್ಕ್ಯಾನ್ ನಡೆಯುವಾಗ ಮಾತಾಡಬಾರದು

ಹಲ್ಲಿನ ಡಾಕ್ಟರ್ ಆ ನೆಲಮಾಳಿಗೆಯ ಕೋಣೆಗೆ ಮೊದಲ ದಿನ ಬೈಸಿಕೊಂಡೇ ಕಾಲಿಟ್ಟ.

"ಶ್! ಬಾಗಿಲು ಮೆಲ್ಲಗೆ!" ಎಂದಳು ಮೈಕ್ರೋಸ್ಕೋಪಿನ ಮುಂದೆ ಕೂತಿದ್ದ ಸಂಶೋಧಕಿ, ಪರದೆಯಿಂದ ಕಣ್ಣು ತೆಗೆಯದೆ. "ಸ್ಕ್ಯಾನ್ ನಡೀತಿದೆ. ಮಾತಾಡಿದ್ರೆ ಚಿತ್ರ ನಡುಗತ್ತೆ."

"ನನ್ನ ಮಾತಿಗೆ ಮಾತ್ರಾನಾ, ನಿಮ್ಮ ಮಾತಿಗೂ ನಡುಗತ್ತಾ?"

ಪರದೆಯ ಗೆರೆ ಆಗಲೇ ಕುಣಿದುಹೋಗಿತ್ತು. ಅವಳಿಗೆ ಮೂಗಿನ ತುದಿಯಲ್ಲಿ ಕೋಪ. ಆದರೆ ತಿರುಗಿ ನೋಡಿದರೆ ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ, ಕಣ್ಣು ಮಾತ್ರ ನಗುತ್ತಿತ್ತು. ಬೈಯಬೇಕೆಂದಿದ್ದುದು ಮರೆತೇ ಹೋಯಿತು.

ಭೌತಶಾಸ್ತ್ರದವರು, ರಸಾಯನಶಾಸ್ತ್ರದವರು, ಡಾಕ್ಟರುಗಳು ಎಲ್ಲರೂ ಒಟ್ಟಿಗೆ ಸೇರಿ, ಕಣ್ಣಿಗೆ ಕಾಣದಷ್ಟು ಸಣ್ಣ ವಸ್ತುಗಳ ಸಂಶೋಧನೆ ಕಲಿಯುವ ಕೋರ್ಸು ಅದು. ಬೇರೆ ವಿಷಯದವರ ಲ್ಯಾಬಿನಲ್ಲಿ ಒಂದು ಟರ್ಮ್ ಕಳೆಯಲೇಬೇಕು. ಹಾಗಾಗಿ ಹಲ್ಲು ಕೀಳುವವನು ಅವಳ ಪಾಲಿಗೆ ಬಂದಿದ್ದ. ಅವಳ ಮೈಕ್ರೋಸ್ಕೋಪು ನೋಡುವುದಿಲ್ಲ, ಮುಟ್ಟುತ್ತದೆ. ಅತಿ ಸಣ್ಣ ಸೂಜಿಯೊಂದು ಹಲ್ಲಿನ ಚೂರನ್ನು ಸಾಲುಸಾಲಾಗಿ ಸವರುತ್ತ, ಅದರ ಏರುತಗ್ಗನ್ನು ಪರದೆಯ ಮೇಲೆ ಬರೆಯುತ್ತ ಹೋಗುತ್ತದೆ. ಪಕ್ಕದಲ್ಲಿ ಯಾರಾದರೂ ಕೆಮ್ಮಿದರೂ ಅದಕ್ಕೆ ಭೂಕಂಪ.

"ನಮ್ಮಲ್ಲಿ ಪೇಷಂಟ್ ಬಾಯಿ ತೆರ್ಕೊಂಡು ಸುಮ್ನಿರ್ತಾರೆ, ನಾನು ಮಾತಾಡ್ತೀನಿ," ಎಂದು ಕಾರಿಡಾರಿನಲ್ಲಿ ಗೊಣಗಿದ. "ಇಲ್ಲಿ ನನ್ನ ಬಾಯಿಗೇ ಬೀಗ."

ಆದರೆ ಬೀಗ ಅವನಿಗೆ ಒಗ್ಗಿತು. ಹುಬ್ಬು ಏರಿಸಿದರೆ 'ಹೇಗೆ ಬರ್ತಿದೆ?' ಎಂದರ್ಥ. ಅವಳು ಕಣ್ಣು ಕಿರಿದು ಮಾಡಿದರೆ 'ಕೂತ್ಕೊಳ್ಳಿ ಸುಮ್ನೆ.' ನೀಲಿ ಬೆಳಕಿನಲ್ಲಿ ಹಲ್ಲಿನ ಚೂರು ಗಾಳಿಗೆ ಬಾಗಿದ ಪೈರಿನ ಹಾಗೆ ಸಾಲುಸಾಲಾಗಿ ಮೂಡುತ್ತಿತ್ತು. ಅವನು ಅದನ್ನು ಮೈಮರೆತು ನೋಡುತ್ತಿದ್ದ. ಅವಳು ಅವನನ್ನು ನೋಡುತ್ತಿದ್ದಳು. ಅವನು ತಿರುಗಿದ ಕೂಡಲೇ ಏನೂ ಗೊತ್ತಿಲ್ಲದವಳಂತೆ ಕೀಬೋರ್ಡಿನ ಧೂಳು ಒರೆಸುತ್ತಿದ್ದಳು. ಆ ಟರ್ಮಿನಲ್ಲಿ ಅಷ್ಟು ಸ್ವಚ್ಛವಾದ ಕೀಬೋರ್ಡು ಇನ್ನೊಂದಿರಲಿಲ್ಲ.

ಟರ್ಮ್ ಮುಗಿಯಲು ಬಂತು. ಮುಂದಿನ ವರ್ಷಗಳನ್ನು ಯಾವ ಲ್ಯಾಬಿನಲ್ಲಿ ಕಳೆಯುತ್ತಾನೆಂದು ಅವನು ಆಫೀಸಿಗೆ ತಿಳಿಸಬೇಕಿತ್ತು. ಒಂದೋ ಇವಳ ಲ್ಯಾಬು, ಇಲ್ಲವಾದರೆ ದೂರದ ಊರಿನಲ್ಲಿ ಮೂಳೆ ಪರೀಕ್ಷಿಸುವ ಲ್ಯಾಬು.

"ಎಲ್ಲಿ ಸೇರ್ಲಿ?" ಎಂದು ಅವಳನ್ನೇ ಕೇಳಿದ.

"ನಿಮ್ಮ ಕೆಲಸಕ್ಕೆ ಎಲ್ಲಿ ಒಳ್ಳೇದೋ ಅಲ್ಲಿ."

ಅವನ ಮುಖ ಸಪ್ಪಗಾದದ್ದು ಅವಳಿಗೆ ಕಂಡಿತು. ಕಂಡೂ ಕೀಬೋರ್ಡು ಒರೆಸತೊಡಗಿದಳು.

ಮನೆಗೆ ಹೋಗಿ ಅತ್ತಿಗೆಯ ಹತ್ತಿರ ಇದನ್ನು ಹೇಳಿದಾಗ ಅತ್ತಿಗೆ ಹಣೆ ಚಚ್ಚಿಕೊಂಡಳು. "ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರಂತೆ ಕಣೇ. ನೀನು ಸುಗ್ಗಿಯಲ್ಲೇ ಉಪವಾಸ ಬೀಳ್ತೀಯ."

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅತ್ತಿಗೆ. ಅವರು ಬೇಡ ಅಂದ್ರೆ?"

"ಅಂದ್ರೆ ಅಂದ್ರು! ಆಡದೇ ಇದ್ರೆ ಮನುಷ್ಯನೇ ಹೋಗ್ತಾನಲ್ಲ."

ಮರುದಿನ ಕೊನೆಯ ಸ್ಕ್ಯಾನ್. ಸೆಮಿನಾರಿಗೆಂದು ವಾರವಿಡೀ ಅವನೇ ಉಜ್ಜಿ ನುಣುಪಾಗಿಸಿದ ಚೂರು. ಚಿತ್ರ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ಬರುತ್ತಿತ್ತು. ಅರ್ಧ ಮೂಡಿದಾಗ ಅವನು ಗಡಿಯಾರ ನೋಡಿದ, ಎದ್ದ. ಆಫೀಸಿನ ಕಡೆಗೆ ಬೆರಳು ತೋರಿಸಿದ. ಇವತ್ತು ಹುಬ್ಬು ಏರಲಿಲ್ಲ. ತುದಿಗಾಲಲ್ಲಿ ಬಾಗಿಲಿಗೆ ಹೋಗಿ, ಅವಳು ಕಲಿಸಿದ ಹಾಗೆಯೇ ಮೆಲ್ಲಗೆ ಹಿಡಿಕೆ ತಿರುಗಿಸಿದ.

ಅವಳು ಕುರ್ಚಿಯಿಂದ ಎದ್ದಳು. ಇಷ್ಟು ಸದ್ದಿಲ್ಲದೆ ಯಾರಾದರೂ ಹೋಗಿಬಿಡುತ್ತಾರಾ?

"ಹೋಗ್ಬೇಡಿ!"

ಪರದೆಯ ಗೆರೆ ನೆಗೆಯಿತು.

"ನಂಗೆ ನೀವು ಬೇಕು. ಕೆಲಸಕ್ಕಲ್ಲ. ನಂಗೇ ಬೇಕು." ಗೆರೆ ಇನ್ನೊಮ್ಮೆ, ಮತ್ತೊಮ್ಮೆ ನೆಗೆಯಿತು. ಪೈರಿನ ನಡುವೆ ಯಾರೋ ಓಡಿದ ಹಾಗೆ ಚಿತ್ರ ಕಲಸಿಹೋಯಿತು.

ಅವನು ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟು, ಪರದೆ ತೋರಿಸಿದ.

"ಹಾಳಾಗ್ಲಿ ಬಿಡಿ. ನಾಳೆ ಬೆಳಿಗ್ಗೆ ಬೇಗ ಬಂದು ಮತ್ತೆ ತೆಗೀತೀನಿ."

ಅವನು ವಾಪಸು ಬಂದು ಸ್ಟೂಲಿನ ಮೇಲೆ ಕುಸಿದು ಕೂತ. ಕಣ್ಣಂಚು ಒದ್ದೆಯಾಗಿತ್ತು.

"ನಾನು ಕೇಳಿದಾಗ್ಲೇ ಹೇಳಿದ್ದಿದ್ರೆ ರಾತ್ರಿ ನಿದ್ದೆಯಾದ್ರೂ ಬರ್ತಿತ್ತಲ್ರೀ," ಎಂದ. "ನಿಮಗೆ ನಾನು ಬೇಡ ಅಂದ್ಕೊಂಡು, ಮೂಳೆ ಲ್ಯಾಬಿಗೇ ಹೆಸರು ಕೊಡೋಕೆ ಹೊರಟಿದ್ದೆ."

"ಅಲ್ಲಿ ನಿಮ್ಮ ಕೆಲಸ..."

"ಹಲ್ಲು ಎಲ್ಲಿ ಹೋದ್ರೂ ಸಿಗತ್ತೆ. ನೀವು?"

ಆಫೀಸಿಗೆ ಹೋಗಲು ಅವನಿಗೆ ಈಗ ಮನಸ್ಸಿರಲಿಲ್ಲ. ಅಲ್ಲೇ ಕೂತು ಫೋನ್ ತೆಗೆದು ಆಫೀಸಿಗೆ ಕರೆ ಮಾಡಿ, ಇನ್ನೊಂದು ಕೈಯಲ್ಲಿ ಅವಳ ಕೈ ಹಿಡಿದುಕೊಂಡು, ಕೋಣೆಯೆಲ್ಲ ಮೊಳಗುವಂತೆ ಹೇಳಿದ: "ಮೇಡಂ, ನಾನು ಇಲ್ಲೇ ಇರ್ತೀನಿ. ಹೌದು, ಇಲ್ಲೇ!"

ಪಾಪ, ಸೂಜಿ ಅದನ್ನೂ ಬರೆದುಕೊಂಡಿತು.