ದೊರೆ ನುಂಗಿದ ಸೂಜಿ

"ಈಗಷ್ಟೇ ಇಲ್ಲಿ ಚುಚ್ಚಿಟ್ಟಿದ್ದೆ. ಎಲ್ಲಿಗೆ ಹೋಯ್ತಪ್ಪಾ ಈ ಸೂಜಿ?"

ಅಮ್ಮ ಯಾರನ್ನೂ ನೋಡದೆ ಕೇಳಿದಳು. ಹೊಲಿಗೆ ಮೆಷಿನ್ನಿಗೆ ಬಾಯಿಯಿಲ್ಲ, ಅದು ಸುಮ್ಮನಿತ್ತು. ಬಾಯಿ ಇದ್ದವನು ಬಟ್ಟೆಯ ರಾಶಿಯ ಮೇಲೆ ಕೂತು ತುಟಿ ನೆಕ್ಕಿಕೊಳ್ಳುತ್ತಿದ್ದ. ಬಾಯಂಚಿನಲ್ಲಿ ಕೆಂಪು ದಾರವೊಂದು ಜೋತಾಡುತ್ತಿತ್ತು.

"ಅಮ್ಮಾ, ದೊರೆ ನುಂಗಿಬಿಟ್ಟ" ಅಂದಳು ಚೂಟಿ.

ದೊರೆ ಅವರ ಮನೆಯ ಬೆಕ್ಕು. ಕೆಲಸವಿಲ್ಲ, ಕಾರ್ಯವಿಲ್ಲ, ಗತ್ತಿಗೆ ಮಾತ್ರ ಕೊನೆಯಿಲ್ಲ. ಅದಕ್ಕೇ ಆ ಹೆಸರು. ಚೂಟಿ ದಾರ ಎಳೆಯಲು ಹೋದಾಗ ಅಮ್ಮ ಕೈ ತಡೆದಳು. ಎಳೆದರೆ ಸೂಜಿ ಒಳಗೇ ಚುಚ್ಚಿಕೊಂಡೀತು. ಇಬ್ಬರೂ ದೊರೆಯನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಓಡಿದರು.

ಎಕ್ಸ್‌ರೇಯಲ್ಲಿ ಸೂಜಿ ಬೆಳ್ಳಗೆ ಹೊಳೆಯಿತು. ಈಗಲೇ ಆಪರೇಷನ್ ಆಗಬೇಕು, ತಡವಾದರೆ ಕರುಳು ತೂತಾಗುತ್ತದೆ ಎಂದರು ಡಾಕ್ಟರ್. ಖರ್ಚು ಕೇಳಿ ಅಮ್ಮನ ಮುಖ ಸಪ್ಪಗಾಯಿತು. ಡಾಕ್ಟರ್ ಮೆಲ್ಲಗೆ ಹೇಳಿದರು: ಇಲ್ಲೊಂದು ನೆರವಿನ ನಿಧಿ ಇದೆ, ಇಂಥ ಹೊತ್ತಿಗೆಂದೇ ಜನ ಹಾಕಿಟ್ಟದ್ದು, ನಿಮ್ಮ ಕೈಲಾದಷ್ಟು ಕೊಡಿ, ಉಳಿದದ್ದನ್ನು ಅದು ತುಂಬುತ್ತದೆ.

"ಬೇಡ ಡಾಕ್ಟ್ರೇ. ನಾವು ಯಾರ ಮುಂದೇನೂ ಕೈ ಚಾಚಿದೋರಲ್ಲ."

ಮೆಷಿನ್ ಮಾರಿ ಸಂಜೆಯೊಳಗೆ ಬರುತ್ತೇನೆ ಎಂದಳು. ಸೂಜಿ ಸಂಜೆಯವರೆಗೆ ಕಾಯುವುದಿಲ್ಲವಲ್ಲ ಎಂದರು ಡಾಕ್ಟರ್.

ಚೂಟಿ ಬುಟ್ಟಿಯೊಳಗೆ ಇಣುಕಿದಳು. ದೊರೆಯ ಗತ್ತೆಲ್ಲ ಇಳಿದುಹೋಗಿತ್ತು. ಅವಳು ಅಮ್ಮನ ಸೆರಗು ಜಗ್ಗಿದಳು.

"ಅಮ್ಮ, ಮೊನ್ನೆ ಒಂದು ಪಾಪುವಿನ ಫ್ರಾಕಿಗೆ ಬಟ್ಟೆ ಸಾಲ್ಲಿಲ್ಲ. ಯಾರೋ ಬಿಟ್ಟುಹೋದ ತುಂಡಲ್ಲಿ ನೀನೇ ಅಂಚು ಜೋಡಿಸಿಕೊಟ್ಟೆ. ಆ ಪಾಪುವಿನ ಅಮ್ಮ ನಿನ್ನ ಮುಂದೆ ಕೈ ಚಾಚಿದ್ರಾ?"

"ಅದು ಕೊಸರು ಕಣೇ. ಪ್ರೀತಿಗೆ ಕೊಡೋದು. ಕೊಸರಿಗೆ ಯಾರಾದ್ರೂ ನಾಚ್ಕೋತಾರಾ?"

"ಮತ್ತೆ ಇದೂ ಕೊಸರೇ. ದೊರೆಗೆ ಬಟ್ಟೆ ಸಾಲ್ತಾ ಇಲ್ಲ, ಅಷ್ಟೆ."

ಅಮ್ಮ ಬುಟ್ಟಿಯನ್ನು ಎರಡೂ ಕೈಯಿಂದ ಎತ್ತಿ ಡಾಕ್ಟರಿಗೆ ಕೊಟ್ಟಳು.

ದೊರೆ ಉಳಿದ. ಮನೆಗೆ ಕಳಿಸುವ ದಿನ ಹೊಟ್ಟೆಯ ಕೂದಲು ಬೋಳಾಗಿತ್ತು, ಹೊಲಿಗೆ ನೆಕ್ಕದಂತೆ ಕೊರಳಿಗೆ ಆಲಿಕೆಯಂಥದ್ದೊಂದನ್ನು ತೊಡಿಸಿದ್ದರು. ಕಿರೀಟ ಜಾರಿ ಕತ್ತಿಗೆ ಬಿದ್ದಂತಿತ್ತು. ಅಮ್ಮ ಆ ಹೊಲಿಗೆಯನ್ನು ಬಗ್ಗಿ ನೋಡಿ, ಟಾಕಾ ಪರವಾಗಿಲ್ಲ, ನೀಟಾಗಿದೆ ಎಂದು ಡಾಕ್ಟರಿಗೆ ಪಾಸ್ ಮಾರ್ಕು ಕೊಟ್ಟಳು.

ಆದರೆ ಬಾಗಿಲವರೆಗೆ ಹೋದವಳು ಕೌಂಟರಿಗೆ ತಿರುಗಿ ಬಂದಳು. ದೊರೆಗೆ ಸಂದ ದುಡ್ಡನ್ನು ನಿಧಿಗೆ ಹಾಕಿದವರು ಯಾರು ಎಂದು ಅಲ್ಲಿದ್ದ ಹುಡುಗಿಯನ್ನು ಕೇಳಿದಳು. ಒಂದೇ ಒಂದು ಹೆಸರು ಸಾಕು, ಹೋಗಿ ಕೈ ಮುಗಿದು ಬರುತ್ತೇನೆ ಎಂದಳು.

ಚೂಟಿ ಕಾಯುವ ಕೋಣೆಯ ಸುತ್ತ ನೋಡಿದಳು. ಗಿಣಿಯ ಪಂಜರ ಹಿಡಿದು ತೂಕಡಿಸುವ ತಾತ. ಕುಂಟುವ ನಾಯಿಗೆ ಸಮಾಧಾನ ಹೇಳುತ್ತಿದ್ದ ಬಸ್ ಡ್ರೈವರ್. ಮೊಲವನ್ನು ಮಡಿಲಲ್ಲಿ ಇಟ್ಟುಕೊಂಡ ಆಂಟಿ. ಇವರಲ್ಲಿ ಒಬ್ಬರಿರಬಹುದು. ನಿನ್ನೆ ಬಂದು ಹೋದವರೂ ಇರಬಹುದು. ಅವಳು ಎಲ್ಲರಿಗೂ ದೊರೆ ಕಾಣಲಿ ಎಂದು ಬುಟ್ಟಿಯನ್ನು ಎತ್ತಿ ಹಿಡಿದಳು. ತಾತ ಕಣ್ಣು ಬಿಟ್ಟು ನಕ್ಕರು.

ಅಮ್ಮ ಇನ್ನೂ ಕೌಂಟರ್ ಬಿಟ್ಟಿರಲಿಲ್ಲ.

"ಹೇಳಲ್ಲ ಅಕ್ಕ" ಅಂದಳು ಆ ಹುಡುಗಿ. "ಹೆಸರು ಬೇಡ ಅಂತಲೇ ಹಾಕಿರೋದು ಅವ್ರು. ನೀವೆಷ್ಟು ಕೇಳಿದ್ರೂ ಹೇಳಲ್ಲ."